ನಾರಪ್ಪನ ಎಡಗಾಲು

ಹನ್ನೊಂದು ವರ್ಷ ಹಿಂದೂಪುರದ ಫುಟ್‌ಬಾಲ್ ಕ್ಲಬ್ಬೆಂದರೆ ಗಿರಿಯಪ್ಪನೇ. ಹುಣಸೆ ಮಂಡಿಯಲ್ಲಿ ತೂಕದ ಕೆಲಸ ಮುಗಿಸಿ ಸಂಜೆ ಮೈದಾನಕ್ಕೆ ಬಂದನೆಂದರೆ ಚೆಂಡಿಗೆ ಗಾಳಿ ತುಂಬುವುದು, ಅದರ ಲೇಸು ಬಿಗಿಯುವುದು, ಆಟಗಾರರ ಬರಿಗಾಲಿಗೆ ಬಟ್ಟೆ ಸುತ್ತುವುದು, ಬಾಯಿತುಂಬ ಬೈಯುವುದು ಎಲ್ಲ ಅವನದೇ. ಅಷ್ಟು ವರ್ಷದಲ್ಲಿ ಜಿಲ್ಲೆಯ ಷೀಲ್ಡು ಒಂದು ಸಲವೂ ಹಿಂದೂಪುರಕ್ಕೆ ಬರಲಿಲ್ಲ ಎನ್ನುವುದು ಬೇರೆ ಮಾತು. ನಾಲ್ಕು ಸಲ ಫೈನಲ್ಲಿಗೆ ಹೋಗಿ ನಾಲ್ಕು ಸಲವೂ ಕಲ್ಯಾಣದುರ್ಗದ ಕೈಯಲ್ಲಿ ಸೋತು ಬಂದಿದ್ದರು. ಅದಕ್ಕೆ ಗಿರಿಯಪ್ಪ ಒಂದು ವರ್ಷ ಗಾಳಿಯನ್ನು ಬೈದ, ಒಂದು ವರ್ಷ ರೆಫರಿಯನ್ನು, ಇನ್ನೊಂದು ವರ್ಷ ಕಲ್ಯಾಣದುರ್ಗದವರು ಹಾಕಿದ ಊಟವನ್ನು.

೧೯೫೮ರಲ್ಲಿ ಕ್ಲಬ್ಬಿನ ಅಧ್ಯಕ್ಷ, ಮಂಡಿ ಸಾಹುಕಾರ ಶ್ರೀರಾಮಪ್ಪ ಬೆಂಗಳೂರಿನಿಂದ ಅಮರೇಶಪ್ಪ ಎಂಬುವನನ್ನು ಮ್ಯಾನೇಜರ್ ಎಂದು ಕರೆಸಿದ. ಯಾವುದೋ ಮಿಲ್ಲಿನ ತಂಡದಲ್ಲಿ ಎಂಟು ವರ್ಷ ಆಡಿದವನಂತೆ. ತೆಳ್ಳನೆಯ ಆಳು, ಮಾತು ಕಡಿಮೆ, ಕುತ್ತಿಗೆಯಲ್ಲೊಂದು ಸೀಟಿ. ಮ್ಯಾನೇಜರ್ ಎಂಬ ಪದವನ್ನೇ ಆ ಮೈದಾನ ಅಲ್ಲಿಯವರೆಗೆ ಕೇಳಿರಲಿಲ್ಲ. ಗಿರಿಯಪ್ಪನಿಗೆ ಯಾರೂ ಯಾವ ಪದವಿಯನ್ನೂ ಕೊಟ್ಟಿರಲಿಲ್ಲವಾದ್ದರಿಂದ ಅವನಿಂದ ಕಿತ್ತುಕೊಳ್ಳಬೇಕಾದದ್ದೂ ಏನೂ ಇರಲಿಲ್ಲ.

"ನೀನೂ ಇರು ಗಿರಿಯಪ್ಪ, ಅವರಿಗೊಂದು ಕೈ ಸಹಾಯಕ್ಕೆ," ಎಂದ ಶ್ರೀರಾಮಪ್ಪ.

"ನಾನ್ಯಾಕೆ ಸಾವ್ಕಾರ್ರೇ? ದೊರೆಗಳು ಬಂದವ್ರಲ್ಲ," ಎಂದು ಗಿರಿಯಪ್ಪ ಎದ್ದು ಬಂದ. ಆಮೇಲೆ ಮೈದಾನದ ಕಡೆ ತಲೆ ಹಾಕಿಯೂ ಮಲಗಲಿಲ್ಲ.

ಹುಡುಗರೆಲ್ಲ ಬಂದು ಕೈ ಹಿಡಿದು ಕರೆಯುತ್ತಾರೆಂದು ಹದಿನೈದು ದಿನ ಕಾದ. ಯಾರೂ ಬರಲಿಲ್ಲ. ನಾರಪ್ಪ ಕೂಡ ಬರಲಿಲ್ಲ. ಉಳಿದವರನ್ನಾದರೂ ಕ್ಷಮಿಸಿಯಾನು, ಇವನನ್ನು ಕ್ಷಮಿಸುವುದು ಅವನಿಂದಾಗಲಿಲ್ಲ.

ನಾರಪ್ಪ ಅದೇ ಮಂಡಿಯಲ್ಲಿ ಮೂಟೆ ಹೊರುತ್ತಿದ್ದ ಇಪ್ಪತ್ತೆರಡರ ಗಟ್ಟಿಗ, ತಂಡದಲ್ಲಿ ಗೋಲು ಹೊಡೆಯುವವನು. ಅವನನ್ನು ಆಟಕ್ಕೆ ತಂದವನು ಗಿರಿಯಪ್ಪ. ಅವನ ಗುಟ್ಟು ಬಲ್ಲವನೂ ಗಿರಿಯಪ್ಪನೊಬ್ಬನೇ. ಚಿಕ್ಕಂದಿನಲ್ಲಿ ಹುಣಸೆಮರದಿಂದ ಬಿದ್ದು ನಾರಪ್ಪನ ಎಡಗಾಲಿನ ಗಿಣ್ಣು ಮುರಿದಿತ್ತು. ಓಡುವುದಕ್ಕೆ ಅಡ್ಡಿಯಿರಲಿಲ್ಲ, ಚೆಂಡು ಒದೆಯಲು ಹೋದರೆ ಮಾತ್ರ ಆ ಕಾಲು ಹೆದರಿ ಹಿಂಜರಿಯುತ್ತಿತ್ತು. ಆರು ವರ್ಷ ಗಿರಿಯಪ್ಪ ಅವನನ್ನು ಬಲ ಅಂಚಿನಲ್ಲೇ ಆಡಿಸಿ ಯಾರಿಗೂ ಸುಳಿವು ಹತ್ತದಂತೆ ಕಾಪಾಡಿದ್ದ. ಗಿರಿಯಪ್ಪನಿಗೆ ಮಕ್ಕಳಿರಲಿಲ್ಲ. ಆ ಗುಟ್ಟು ಕಾಯುವುದರಲ್ಲಿ ಅವನಿಗೆ ಒಂದು ಬಗೆಯ ತಂದೆತನದ ಸುಖವಿತ್ತು.

ಹೊಸ ಮ್ಯಾನೇಜರು ಹುಡುಗರಿಗೆಲ್ಲ ಬೂಟು ಹಾಕಿಸಿದ. ಬೂಟು ಬಂದ ಮೇಲೆ ಬಟ್ಟೆ ಸುತ್ತುವವನ ನೆನಪು ಯಾರಿಗೆ? ಪೆನುಕೊಂಡದ ಮೇಲೆ ಗೆದ್ದರು. ಅದೃಷ್ಟ ಎಂದ ಗಿರಿಯಪ್ಪ. ಮಡಕಶಿರದ ಮೇಲೆ ಗೆದ್ದರು. ಅವರೂ ಆಟಗಾರರೇನು ಎಂದು ಮೂಗು ಮುರಿದ. ಧರ್ಮಾವರದ ಮೇಲೆ ನಾಲ್ಕು ಗೋಲು ಹೊಡೆದರೆಂಬ ಸುದ್ದಿ ಬಂದ ದಿನ ತಟ್ಟೆಯ ಮುಂದೆ ಸುಮ್ಮನೆ ಕುಳಿತುಬಿಟ್ಟ.

"ಯಾರಾನಾ ಸತ್ರಾ?" ಎಂದಳು ಹೆಂಡತಿ ರಂಗಲಕ್ಷ್ಮಮ್ಮ.

"ಗೆದ್ರಂತೆ."

"ಗೆದ್ರೆ ನಿನಗ್ಯಾಕೆ ಮುದ್ದೆ ಇಳಿಯಲ್ಲ? ಸೋತು ಬಂದಾಗೆಲ್ಲ ಎರಡು ಉಣ್ತಿದ್ದೆ. ಹೊಟ್ಟೆ ತುಂಬಾ ಉರೀನೇ ತುಂಬ್ಕಂಡಿದ್ದೀಯ ಕಣಪ್ಪ."

ಅವಳು ಹೇಳಿದ್ದು ನಿಜವೇ. ಆ ಉರಿ ಅವನನ್ನು ಮಂಡಿಯಲ್ಲೂ ಬಿಡಲಿಲ್ಲ, ಹಾಸಿಗೆಯಲ್ಲೂ ಬಿಡಲಿಲ್ಲ. ಒಂದು ಸಂಜೆ ನಾರಪ್ಪ ಎಡಗಾಲಿಗೆ ಮಾತ್ರ ಬೂಟು ತೊಟ್ಟು, ಬಲಗಾಲು ಬರಿದಾಗಿ, ಮಂಡಿಯ ಮುಂದೆ ಮೈದಾನಕ್ಕೆ ಹೋಗುತ್ತಿದ್ದ. ಮ್ಯಾನೇಜರ ಅಪ್ಪಣೆಯಂತೆ. ಗಿರಿಯಪ್ಪ ಹಮಾಲರನ್ನೆಲ್ಲ ಕರೆದು ತೋರಿಸಿದ.

"ಬೆಂಗಳೂರು ಬುದ್ಧಿ ನೋಡ್ರಪ್ಪಾ! ಇಬ್ಬರಿಗೆ ಒಂದೇ ಜೊತೆ ಬೂಟು!"

ಎಲ್ಲರೂ ನಕ್ಕರು. ನಾರಪ್ಪ ನಿಂತು, ಏನೋ ಹೇಳಬೇಕೆಂದು ಎರಡು ಹೆಜ್ಜೆ ಇತ್ತ ಬಂದ. ಗಿರಿಯಪ್ಪ ಮುಖ ತಿರುಗಿಸಿಕೊಂಡು ತಕ್ಕಡಿಯ ಕಡೆ ಹೊರಟ. ಯಾಕಪ್ಪಾ ಎಂದು ಒಂದು ಮಾತು ಕೇಳಿದ್ದರೆ ಅವನ ಗಂಟೇನೂ ಹೋಗುತ್ತಿರಲಿಲ್ಲ.

ಫೈನಲ್ಲು ಮತ್ತೆ ಕಲ್ಯಾಣದುರ್ಗದ ಜೊತೆ, ಅವರದೇ ಊರಿನಲ್ಲಿ. ಅದಕ್ಕೆ ಒಂದು ವಾರವಿದ್ದಾಗ ಅಲ್ಲಿಯ ಕ್ಲಬ್ಬಿನ ಕಾರ್ಯದರ್ಶಿ ಗಂಗುಲಪ್ಪ ಹುಣಸೆಹಣ್ಣು ಕೊಳ್ಳಲು ಮಂಡಿಗೆ ಬಂದ. ಗಿರಿಯಪ್ಪನನ್ನು ಟೀ ಅಂಗಡಿಗೆ ಕರೆದೊಯ್ದು ಕೂರಿಸಿದ.

"ನೀನಿಲ್ದೆ ಅದೇನ್ ಟೀಮು ಗಿರಿಯಪ್ಪಾ? ಆದ್ರೂ ಆ ನಾರಪ್ಪನ್ನ ಹಿಡಿಯೋದು ಕಷ್ಟ ಕಣಪ್ಪ."

ನಾಲ್ಕು ತಿಂಗಳಲ್ಲಿ ಗಿರಿಯಪ್ಪನನ್ನು ಹೊಗಳಿದ ಮೊದಲ ಮನುಷ್ಯ ಅವನು. ಮಾತು ತಾನಾಗಿ ಹೊರಬಿತ್ತು.

"ಏನ್ ಕಷ್ಟ? ಬಲಗಡೆ ಇಬ್ಬರು ಮುಚ್ಕಂಡು ಅವನನ್ನ ಎಡಕ್ಕೆ ತಳ್ರಿ. ಎಡಗಾಲಲ್ಲಿ ಒದೆಯಕ್ಕೇ ಬರಲ್ಲ ಅವನಿಗೆ. ಗೋಲಿನ ಮುಂದೆ ಒಬ್ಬನೇ ನಿಂತ್ರೂ ಒದೆಯಲ್ಲ."

"ನಿಜಂಗಾ?"

"ನನ್ನ ಕಣ್ಣಾಣೆ."

ಮನೆಗೆ ಬರುವಾಗ ನಾಚಿಕೆಯಾಯಿತು. ನಾಚಿಕೆಗಿಂತ ಸಮಾಧಾನವೇ ಹೆಚ್ಚಾಗಿತ್ತು ಎಂಬುದನ್ನೂ ಹೇಳಿಬಿಡಬೇಕು. ಸೋಲಲಿ. ಸೋತರೆ ಅಮರೇಶಪ್ಪ ರೈಲು ಹತ್ತುತ್ತಾನೆ. ಹುಡುಗರು ಬಾಗಿಲಿಗೆ ಬರುತ್ತಾರೆ. ಎಲ್ಲರಿಗಿಂತ ಮುಂದೆ ನಾರಪ್ಪ ಬರುತ್ತಾನೆ, ತಲೆ ತಗ್ಗಿಸಿಕೊಂಡು.

ಪಂದ್ಯದ ದಿನ ಗಿರಿಯಪ್ಪ ಬೇರೆ ಬಸ್ಸಿನಲ್ಲಿ ಕಲ್ಯಾಣದುರ್ಗಕ್ಕೆ ಹೋಗಿ ಅಲ್ಲಿಯ ಜನರ ನಡುವೆ ಕುಳಿತ. ಅವನು ಹೇಳಿದಂತೆಯೇ ಇಬ್ಬರು ನಾರಪ್ಪನ ಬಲಕ್ಕೆ ಗೋಡೆ ಕಟ್ಟಿದರು. ಎಡಗಡೆ ಹೊಲದಷ್ಟು ಜಾಗ ಖಾಲಿ ಬಿದ್ದಿತ್ತು. ಮೊದಲರ್ಧದಲ್ಲಿ ಯಾರಿಗೂ ಗೋಲಿಲ್ಲ. ಎರಡನೆಯರ್ಧ ಮುಗಿಯಲು ಹತ್ತು ನಿಮಿಷವಿರುವಾಗ ಚೆಂಡು ನಾರಪ್ಪನಿಗೆ ಬಂತು. ಆ ಇಬ್ಬರೂ ಅವನನ್ನು ಎಡಕ್ಕೆ ತಳ್ಳಿದರು. ಈಗ ಹಿಂಜರಿಯುತ್ತಾನೆ ಎಂದುಕೊಂಡ ಗಿರಿಯಪ್ಪ. ನಾರಪ್ಪ ಹಿಂಜರಿಯಲಿಲ್ಲ. ಓಡುತ್ತಲೇ ಎಡಗಾಲನ್ನು ಬೀಸಿ ಒದ್ದ. ಗೋಲು ಕಾಯುವವನು ಕೈ ಎತ್ತುವುದರೊಳಗೆ ಚೆಂಡು ಒಳಗಿತ್ತು.

ಆ ಒಂಟಿ ಬೂಟಿನ ಅರ್ಥ ಗಿರಿಯಪ್ಪನಿಗೆ ಆಗ ಆಯಿತು. ಅಭ್ಯಾಸದಲ್ಲಿ ಬರಿಯ ಬಲಗಾಲು ನೋವಿಗೆ ಹೆದರಿ ಹಿಂದೆ ಸರಿಯಲೆಂದು, ಬೂಟು ತೊಟ್ಟ ಎಡಗಾಲೇ ಒದೆಯಲೆಂದು. ಆರು ವರ್ಷ ತಾನು ಮುಚ್ಚಿಟ್ಟಿದ್ದ ಕಾಲನ್ನು ಆ ತೆಳ್ಳನೆಯ ಮನುಷ್ಯ ನಾಲ್ಕು ತಿಂಗಳಲ್ಲಿ ವಾಸಿ ಮಾಡಿದ್ದ. ತನ್ನೂರು ಗೆಲ್ಲುತ್ತಿದೆ ಎಂಬ ಸಂತೋಷ ಎದೆಯಲ್ಲಿ ಏಳುವ ಮೊದಲೇ ಹೊಟ್ಟೆಕಿಚ್ಚು ಎದ್ದು ನಿಂತಿತು. ನನ್ನ ನಾರಪ್ಪನನ್ನು ಅವನು ಮುಟ್ಟಿದನಲ್ಲ ಎಂದು ಹಲ್ಲು ಕಡಿದ.

ಒಂದು ಗೋಲಿನಿಂದ ಷೀಲ್ಡು ಹಿಂದೂಪುರದ್ದಾಯಿತು. ಜನ ಎದ್ದು ಹೋಗುವ ಗದ್ದಲದಲ್ಲಿ ಜಾರಿಕೊಳ್ಳೋಣವೆಂದರೆ ಗಂಗುಲಪ್ಪ ಕಂಡುಹಿಡಿದು ಅಂಗಿ ಹಿಡಿದ. ಹಿಂದೂಪುರದವರೆಲ್ಲ ಅಲ್ಲೇ ಇದ್ದರು.

"ಮೋಸಗಾಡು! ಎಡಗಾಲು ಬರಲ್ಲ ಅಂತ ಕಣ್ಣಾಣೆ ಇಟ್ಟು ನಮ್ಮನ್ನ ಕೆಡಿಸ್ಬುಟ್ಟ!"

ಹುಡುಗರು ಹೋ ಎಂದು ಕೂಗಿದರು. "ಕಲ್ಯಾಣದುರ್ಗದೋರ್ಗೇ ಟೋಪಿ ಹಾಕ್ಬುಟ್ಟೆಯಲ್ಲ ಗಿರಣ್ಣಾ!" ಎಂದು ಅವನನ್ನು ಹೆಗಲ ಮೇಲೆ ಎತ್ತಿಕೊಂಡರು. ಶ್ರೀರಾಮಪ್ಪ ತನ್ನ ಕೊರಳ ಹಾರ ತೆಗೆದು ಅವನಿಗೆ ಹಾಕಿದ. ಕೆಳಗಿಳಿದ ಮೇಲೆ ಅಮರೇಶಪ್ಪ ಬಂದು ಎರಡೂ ಕೈಯಿಂದ ಅವನ ಕೈ ಹಿಡಿದ.

"ಮೈದಾನಕ್ಕೆ ಬರದೆ ದೂರ ಇದ್ದದ್ದು ಇದಕ್ಕೇನಾ? ನಾನು ನಿಮ್ಮನ್ನ ತಪ್ಪು ತಿಳ್ಕೊಂಡಿದ್ದೆ, ಕ್ಷಮಿಸಿ," ಎಂದ, ತುಂಬು ಗೌರವದಿಂದ.

ಬೈದಿದ್ದರೆ ಎಷ್ಟೋ ವಾಸಿಯಿತ್ತು. ನಾರಪ್ಪ ದೂರದಲ್ಲಿ ನಿಂತು ನೋಡುತ್ತಿದ್ದ. ಜನ ಚದುರಿದ ಮೇಲೆ ಹತ್ತಿರ ಬಂದ.

"ನನ್ನ ಕಾಲು ಸರಿಹೋಗಿದ್ದು ನಿನಗೆ ಗೊತ್ತಿತ್ತಾ ಗಿರಣ್ಣ?"

"ಗೊತ್ತಿತ್ತು ಕಣ್ಲಾ."

"ಯಾರು ಹೇಳಿದ್ರು? ಒಂದು ದಿನಾನೂ ಬರ್ಲಿಲ್ಲ ನೀನು. ಹೇಳಾಣ ಅಂತ ಬಂದ್ರೆ ಮುಖ ತಿರುಗಿಸ್ಕಂಡು ಹೋದೆ."

ನಾರಪ್ಪ ಉತ್ತರಕ್ಕೂ ಕಾಯದೆ ಹೊರಟುಬಿಟ್ಟ.

ಬಸ್ಸಿನಲ್ಲಿ ಗಿರಿಯಪ್ಪನಿಗೆ ಮುಂದಿನ ಸೀಟು ಕೊಟ್ಟು, ಷೀಲ್ಡನ್ನು ತೊಡೆಯ ಮೇಲಿಟ್ಟರು. ಪಕ್ಕದ ಜಾಗದಲ್ಲಿ ಟವೆಲು ಹಾಸಿ ಅವನು ನಾರಪ್ಪನಿಗಾಗಿ ಹಿಡಿದಿಟ್ಟ. ನಾರಪ್ಪ ಅದನ್ನು ದಾಟಿ ಹಿಂದೆ ಹೋಗಿ ಅಮರೇಶಪ್ಪನ ಪಕ್ಕ ಕುಳಿತ. ಹುಡುಗರು ದಾರಿಯುದ್ದಕ್ಕೂ ಗಿರಣ್ಣನಿಗೆ ಜೈ ಎಂದು ಕೂಗುತ್ತಿದ್ದರು. ಆ ಕೂಗಿನಲ್ಲಿ ನಾರಪ್ಪನ ದನಿಯಿದೆಯೇ ಎಂದು ಗಿರಿಯಪ್ಪ ಹಿಂದೂಪುರದವರೆಗೂ ಕಿವಿಗೊಟ್ಟು ಕೇಳಿದ. ಇರಲಿಲ್ಲ.