ಜೂನ್ ಒಂದನೇ ತಾರೀಖು

ಪಂಡಿತನನ್ನು ಹೊಲದ ಬದಿಯಲ್ಲಿ ಮಣ್ಣು ಮಾಡಿ ಇಪ್ಪತ್ತೆರಡು ದಿನವಾಗಿತ್ತು. ಬೆಳಗಿನ ಹತ್ತರ ಹೊತ್ತಿಗೆ ಮಲಕಮ್ಮ ಬಂದು ಅಂಗಳದಲ್ಲಿ ನಿಂತಳು. ಚಪ್ಪಲಿಯನ್ನು ದೂರದಲ್ಲೇ ಬಿಟ್ಟಿದ್ದಳು. ಕಟ್ಟೆಯ ಮೇಲೆ ಕೂತಿದ್ದ, ಊರಿನ ಶಾಲೆಯ ಮಾಸ್ತರರಾಗಿದ್ದ ಕಲ್ಯಾಣಪ್ಪ ಗುರುಜಿ ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ.

ಅವರ ಒಬ್ಬನೇ ಮಗ ಪಂಡಿತನ ಜೀವ ಹೋದದ್ದು ಈಕೆಯ ಮಗ ರೇವಣಸಿದ್ಧನ ಕೈಯಿಂದ.

ಬೇಕೆಂದು ಮಾಡಿದ್ದಲ್ಲ. ನಿಲಂಗಾದ ವ್ಯಾಪಾರಿ ವೈಜನಾಥನ ಪಿಕಪ್ ಗಾಡಿ ಕುರಿ ತುಂಬಿಕೊಂಡು ಉದಗೀರದ ಸಂತೆಗೆ ಹೊರಟಿತ್ತು. ಕುರಿ ಹತ್ತಿಸಿ ಇಳಿಸಲು ರೇವಣಸಿದ್ಧ ಜೊತೆಗೆ ಹೋಗಿದ್ದ. ಡ್ರೈವರನಿಗೆ ಕುಡಿದದ್ದು ಇಳಿದಿರಲಿಲ್ಲ. ಸ್ಟೇರಿಂಗನ್ನು ಹುಡುಗನ ಕೈಗೆ ಕೊಟ್ಟು ತಾನು ಪಕ್ಕದಲ್ಲಿ ತೂಕಡಿಸುತ್ತಿದ್ದ. ತುರೋರಿಯ ಹೆದ್ದಾರಿಯಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿದ್ದ ಪಂಡಿತ, ಮಗಳಿಗೆ ಬಿಸ್ಕೀಟು ತರಲೆಂದು ರಸ್ತೆ ದಾಟುತ್ತಿದ್ದ. ಆಚೆ ಬದಿ ಮುಟ್ಟಲಿಲ್ಲ. ಡ್ರೈವರ್ ಜಿಗಿದು ಓಡಿಹೋದ. ಹುಡುಗ ಓಡಲಿಲ್ಲ. ಪಂಡಿತನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಜನ ಬಂದು ಹೊಡೆಯುವವರೆಗೂ ಅಲ್ಲೇ ಕೂತಿದ್ದ.

"ಗುರುಜಿ, ನಾ ಮಾಫಿ ಕೇಳಲಾಕ ಬಂದಿಲ್ಲ," ಎಂದಳು ಮಲಕಮ್ಮ. "ಯಾವ ಬಾಯಿಲೆ ಕೇಳಲಿ? ಅಂವಾ ಮಾಡಿದ ತಪ್ಪಿಗಿ ಶಿಕ್ಷಾ ಆಗಲಿ. ಖರೇ ಅಂವಗ ಹದಿನಾರು ತುಂಬಿಲ್ಲ. ಅದು ನಿಮಗೂ ಗೊತ್ತದ."



ಆ ವರ್ಷವೇ ಗಡಿಯ ಈಚೆಯ ಮರಾಠಿ ರಾಜ್ಯದಲ್ಲಿ ಹೊಸ ಕಾಯ್ದೆ ಬಂದಿತ್ತು. ಉಮರಗಾ ಠಾಣೆಯ ಹವಾಲ್ದಾರ ಮಾಣಿಕಪ್ಪ ಮನೆಗೆ ಬಂದು ತಿಳಿಸಿ ಹೇಳಿದ್ದ: "ಹದಿನಾರು ತುಂಬಿದಂವಾ ಗಾಡಿ ಹೊಡ್ದು ಜೀವಾ ತಗದ್ರ ಈಗ ಹುಡುಗ ಅಂತ ಬಿಡೂದಿಲ್ಲ ಗುರುಜಿ. ದೊಡ್ಡವರ ಕೋರ್ಟು, ದೊಡ್ಡವರ ಶಿಕ್ಷಾ. ಶಾಲಿ ದಾಖಲೆಯೊಳಗ ಇವನ ಹುಟ್ಟಿದ ತಾರೀಖು ಜೂನ್ ಒಂದು ಅದ. ಹದಿನಾರು ತುಂಬಿ ಎರಡು ತಿಂಗಳಾಗ್ಯಾವ. ಪಾರಾಗೂದಿಲ್ಲ ಬಿಡ್ರಿ." ಅದನ್ನು ಕೇಳಿದ ದಿನ ಗುರುಜಿಯ ಗಂಟಲಲ್ಲಿ ಮೊದಲ ಸಲ ರೊಟ್ಟಿ ಇಳಿದಿತ್ತು. ಸೊಸೆ ಮೀನಲ ಕೂಡ ಅಂದೇ ಎದ್ದು ತಲೆ ಬಾಚಿಕೊಂಡಿದ್ದಳು.

ಆ ತಾರೀಖು ಬರೆದ ಕೈ ಯಾರದು ಎಂಬುದು ಗುರುಜಿಗೆ ಅಂದೇ ನೆನಪಿತ್ತು. ಹೇಳಿರಲಿಲ್ಲ ಅಷ್ಟೆ.

ರೇವಣಸಿದ್ಧ ಹುಟ್ಟಿದ್ದು ಇವರದೇ ಹೊಲದಲ್ಲಿ. ಭೂಮಿಗೆ ಗೊಬ್ಬರವಾಗಲಿ ಎಂದು ಆ ವರ್ಷ ಮಲಕಮ್ಮನ ಗಂಡ ಭೀಮಶಾನ ಕುರಿಹಿಂಡನ್ನು ಹೊಲದಲ್ಲಿ ನಿಲ್ಲಿಸಿಕೊಂಡಿದ್ದರು. ದೀಪಾವಳಿ ಪಾಡ್ಯದ ಮಧ್ಯಾಹ್ನ ಕಂಬಳಿಯ ಮರೆಯಲ್ಲಿ ಮಲಕಮ್ಮನಿಗೆ ಹೆರಿಗೆ ನೋವು ಬಂತು. ಗುರುಜಿಯ ಹೆಂಡತಿ ಪ್ರಯಾಗಬಾಯಿ ಬಿಸಿನೀರು ಹೊತ್ತುಕೊಂಡು ಓಡಿದಳು. ಹೊಕ್ಕುಳ ಬಳ್ಳಿ ಕೊಯ್ದವಳು ಆಕೆಯೇ. ಕೂಸನ್ನು ಸುತ್ತಿದ್ದು ಪಂಡಿತನ ಹಳೆಯ ಅಂಗಿಯಲ್ಲಿ.

ಐದೂವರೆ ವರ್ಷ ಕಳೆದ ಮೇಲೆ ಗುರುಜಿಯ ಶಾಲೆ ಮುಚ್ಚುವ ಮಾತು ಬಂತು. ಇಪ್ಪತ್ತು ಮಕ್ಕಳಿರಬೇಕು, ಹತ್ತೊಂಬತ್ತೇ ಇದ್ದರು. ಒಂದನೇ ಇಯತ್ತೆಗೆ ಆರು ವರ್ಷ ತುಂಬಿರಬೇಕಿತ್ತು. ಅವರು ಕುರಿಹಟ್ಟಿಗೆ ಹೋಗಿ, "ಕಳಿಸವ್ವಾ, ಮಧ್ಯಾನ ಖಿಚಡಿ ಕೊಡ್ತಾರ," ಎಂದು ಹುಡುಗನನ್ನು ಕೈ ಹಿಡಿದು ಕರೆತಂದರು. ತಾರೀಖು ಗೊತ್ತಿಲ್ಲದ ಎಲ್ಲ ಮಕ್ಕಳಿಗೂ ಬರೆಯುವ ಹಾಗೆ, ಆರು ತುಂಬುವಂತೆ ಐದು ತಿಂಗಳು ಹಿಂದಕ್ಕೆ ಸರಿಸಿ, ಜೂನ್ ಒಂದು ಎಂದು ಬರೆದರು. ಬೇರೆ ಮಕ್ಕಳದು ಗೊತ್ತಿರಲಿಲ್ಲ. ಇವನದು ಗೊತ್ತಿತ್ತು.

ಮಲಕಮ್ಮ ಹೋದ ಮೇಲೆ ಪ್ರಯಾಗಬಾಯಿ ಹೊರಗೆ ಬಂದಳು. ಬಾಗಿಲ ಹಿಂದೆ ನಿಂತು ಎಲ್ಲವನ್ನೂ ಕೇಳಿದ್ದಳು.

"ಏನು ಮಾಡ್ತೀರಿ?"

"ನಿನಗ ಆ ದಿನ ನೆನಪದನು?"

"ನಂಗ ಏನೂ ನೆನಪಿಲ್ಲ," ಎಂದಳು ಪ್ರಯಾಗಬಾಯಿ. "ನನ್ನ ಮಗನ ಮುಖಾ ಬಿಟ್ರ ನಂಗ ಏನೂ ನೆನಪಿಲ್ಲ. ನೀವೂ ಮರತಬಿಡ್ರಿ." ಹೇಳುತ್ತ ಹೇಳುತ್ತಲೇ ತನ್ನ ಎರಡೂ ಅಂಗೈಗಳನ್ನು ಸೀರೆಗೆ ಒರೆಸಿಕೊಂಡಳು. ಕೈ ಒದ್ದೆಯಾಗಿರಲಿಲ್ಲ.

ಧಾರಾಶಿವದ ಬಾಲನ್ಯಾಯ ಮಂಡಳಿಯಲ್ಲಿ ವಿಚಾರಣೆ ಇದ್ದ ದಿನ ಗುರುಜಿ ಯಾರಿಗೂ ಹೇಳದೆ ಬಸ್ಸು ಹತ್ತಿದರು. ಏನು ಹೇಳಬೇಕೆಂದು ಅವರಿಗೇ ತಿಳಿದಿರಲಿಲ್ಲ. ಎರಡು ಸೀಟು ಹಿಂದೆ ಮಲಕಮ್ಮ ಕೂತಿದ್ದಳು. ಮೂರು ತಾಸಿನ ದಾರಿ. ಸುಳ್ಳು ಬರೆದೆ ಎಂದು ಒಪ್ಪಿದರೆ ತಮ್ಮ ಮೇಲೆಯೇ ಕೇಸಾದೀತು, ಅದು ಅಷ್ಟು ಭಾರವಾಗಿರಲಿಲ್ಲ. ಮೀನಲಳ ಮುಖ ಹೇಗೆ ನೋಡುವುದು, ಅದೇ ಎದೆಯ ಮೇಲೆ ಕೂತಿತ್ತು.

ಸಣ್ಣ ಕೋಣೆ, ಉದ್ದ ಮೇಜು. ನಡುವೆ ಮ್ಯಾಜಿಸ್ಟ್ರೇಟ್ ಮೇಡಂ, ಅಕ್ಕಪಕ್ಕ ಇಬ್ಬರು ಸದಸ್ಯರು. ರೇವಣಸಿದ್ಧನನ್ನು ಕರೆತಂದರು. ಎತ್ತರ ಬೆಳೆದಿದ್ದ, ಆದರೆ ಮೇಲ್ದುಟಿಯ ಮೇಲೆ ಕೂದಲು ಇನ್ನೂ ಸರಿಯಾಗಿ ಮೂಡಿರಲಿಲ್ಲ. ಎಲುಬಿನ ಪರೀಕ್ಷೆ ಮಾಡಿದ ಡಾಕ್ಟರರು ಹದಿನೈದರಿಂದ ಹದಿನೇಳರ ಒಳಗೆ ಎಂದು ಬರೆದಿದ್ದರು. ಅದರಿಂದ ಏನೂ ತೀರ್ಮಾನವಾಗುವಂತಿರಲಿಲ್ಲ.

"ನೀನು ಹುಟ್ಟಿದ್ದು ಯಾವತ್ತು?" ಎಂದು ಮೇಡಂ ಮರಾಠಿಯಲ್ಲಿ ಕೇಳಿದರು.

ಹುಡುಗ ಕೈಕಟ್ಟಿ ನೆಟ್ಟಗೆ ನಿಂತ. "ಜೂನ್ ಒಂದು," ಎಂದ. ಮೂಲೆಯಲ್ಲಿದ್ದ ಮಲಕಮ್ಮ ತಲೆ ಅಲ್ಲಾಡಿಸಿದಳು. ಅವನು ಅವಳನ್ನು ನೋಡಿ, ಮತ್ತೆ ಅಂದ: "ಇಲ್ಲವ್ವಾ, ಜೂನ್ ಒಂದೇ. ನಮ್ಮ ಗುರುಜಿ ಕಲಿಸ್ಯಾರ."

ಕಲ್ಯಾಣಪ್ಪ ಗುರುಜಿ ಎದ್ದು ನಿಂತರು.

ತಾವು ಯಾರು ಎಂದು ಹೇಳಿದಾಗ ಇಬ್ಬರು ಸದಸ್ಯರೂ ತಲೆ ಎತ್ತಿ ನೋಡಿದರು. ಸತ್ತವನ ಅಪ್ಪ ಆರೋಪಿಯ ಪರ ಎದ್ದದ್ದನ್ನು ಅಲ್ಲಿದ್ದ ಯಾರೂ ಕಂಡಿರಲಿಲ್ಲ. ಅವರು ಎಲ್ಲವನ್ನೂ ಹೇಳಿದರು: ಪಾಡ್ಯದ ಮಧ್ಯಾಹ್ನ, ಕಂಬಳಿಯ ಮರೆ, ಹತ್ತೊಂಬತ್ತು ಮಕ್ಕಳ ಶಾಲೆ. ಸರಕಾರಿ ವಕೀಲ ಮುಂದೆ ಬಂದ.

"ಖರಂ ಸಾಂಗಾ, ನಿಜ ಹೇಳಿ ಗುರುಜಿ. ಆಗ ಸುಳ್ಳು ಬರೆದಿರೋ, ಈಗ ಸುಳ್ಳು ಹೇಳುತ್ತೀರೋ?"

"ಆಗ."

"ಯಾಕೆ?"

"ಶಾಲೆ ಉಳಿಯಲಿ ಅಂತ."

"ಶಾಲೆ ಉಳಿಯಿತೇ?"

"ಎರಡು ವರ್ಷ."

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇದರಿಂದ ನಿಮಗೆ ತೊಂದರೆಯಾಗಬಹುದು, ಗೊತ್ತಿದೆಯೇ?" ಗುರುಜಿ ಗೊತ್ತಿದೆ ಎಂದರು. ಇನ್ನೇನಾದರೂ ಹೇಳುವುದಿದೆಯೇ ಎಂದು ಮೇಡಂ ಕೇಳಿದರು. ಹೇಳುವುದಿತ್ತು. ನನ್ನ ಮಗನಿಗೆ ಮೂವತ್ತೇಳು ವರ್ಷವಾಗಿತ್ತು, ಅವನು ಹುಟ್ಟಿದ ದಿನ ಮಾತ್ರ ನಾನು ಸರಿಯಾಗಿ ಬರೆದಿದ್ದೆ ಎಂದು ಹೇಳಬೇಕೆನಿಸಿತು. ಇಲ್ಲ ಎಂದರು. ಯಾರೋ ನೀರು ಕೊಟ್ಟು ಕೂರಿಸಿದರು.

ಮಂಡಳಿ ಅವರ ಮಾತನ್ನು ನಂಬಿತು. ಘಟನೆಯ ದಿನ ಹುಡುಗನಿಗೆ ಹದಿನಾರಕ್ಕೆ ಮೂರು ತಿಂಗಳು ಕಡಿಮೆ ಎಂದು ಬರೆದುಕೊಂಡರು. ಹೊಸ ಕಾಯ್ದೆ ಅವನಿಗೆ ತಾಗುವುದಿಲ್ಲ, ವಿಚಾರಣೆ ಇಲ್ಲೇ ನಡೆಯುತ್ತದೆ, ಅಲ್ಲಿಯವರೆಗೆ ಬಾಲಗೃಹದಲ್ಲಿರಲಿ ಎಂದರು. ವೈಜನಾಥ ಮತ್ತು ಡ್ರೈವರನ ಕೇಸು ದೊಡ್ಡ ಕೋರ್ಟಿನಲ್ಲಿ ಬೇರೆಯೇ ನಡೆಯಲಿತ್ತು.

ಹೊರಗೆ ವರಾಂಡದಲ್ಲಿ ರೇವಣಸಿದ್ಧ ಪೊಲೀಸಿನವನ ಕೈ ಬಿಡಿಸಿಕೊಂಡು ಬಂದು ಗುರುಜಿಯ ಪಾದದ ಮೇಲೆ ಬಿದ್ದ. ಅವನ ಬಿಸಿಯುಸಿರು ಅವರ ಬೆರಳುಗಳಿಗೆ ತಾಗುತ್ತಿತ್ತು. ತಲೆಯ ಮೇಲೆ ಕೈ ಇಡಲಿ ಎಂದು ಮಲಕಮ್ಮ ನೋಡುತ್ತಿದ್ದಳು, ಪೊಲೀಸಿನವನೂ ನೋಡುತ್ತಿದ್ದ. ಗುರುಜಿ ಕೈ ಎತ್ತಲು ನೋಡಿದರು. ಅರ್ಧ ಎದ್ದ ಕೈ ಅಲ್ಲೇ ನಿಂತಿತು. ನಂತರ ಕೆಳಗಿಳಿಯಿತು.

"ಕರಕೊಂಡು ಹೋಗ್ರಿ ಅವನಿಗಿ," ಎಂದರು.

ಮನೆಗೆ ಬರುವಷ್ಟರಲ್ಲಿ ಸುದ್ದಿ ಮುಂಚೆಯೇ ಬಂದಿತ್ತು. ಮಾಣಿಕಪ್ಪ ಫೋನು ಮಾಡಿದ್ದನಂತೆ. ಪ್ರಯಾಗಬಾಯಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಮೀನಲ ನಡುಮನೆಯಲ್ಲಿ ನಿಂತಿದ್ದಳು. ಅವಳು ಅಳುತ್ತಿರಲಿಲ್ಲ.

"ಮಾಮಾ, ಅಂವಗ ಹದಿನೈದು ಅಂತ ಹೇಳಿ ಬಂದ್ರಿ. ನನ್ನ ಮಗಳಿಗಿ ನಾಕು. ಇದು ಯಾವ ಕೋರ್ಟಿನ್ಯಾಗ ಹೇಳಬೇಕು?"

"ನೀ ಬೈಯಿ ನಂಗ, ಮೀನಲ."

"ಬೈದ್ರ ನಿಮಗ ಹಗುರಾಗ್ತದ. ನಾ ಬೈಯಂಗಿಲ್ಲ."

ಆಕೆ ತವರಿಗೂ ಹೋಗಲಿಲ್ಲ. ಆ ವಾರದಿಂದಲೇ ಪಂಡಿತನ ಅಂಗಡಿಯ ಬಾಗಿಲು ತೆಗೆದು ಕೂರತೊಡಗಿದಳು. ವೈಜನಾಥನ ಕೇಸಿನ ತಾರೀಖು ಬಂದಾಗ ಒಬ್ಬಳೇ ಹೋಗಿ ಬಂದಳು. ಜೊತೆಗೆ ಬರುತ್ತೇನೆ ಎಂದು ಗುರುಜಿ ಅಂಗಿ ಹಾಕಿಕೊಂಡು ಕಾದಿದ್ದರೂ ಹಿತ್ತಲ ಬಾಗಿಲಿನಿಂದ ಹೊರಟುಹೋದಳು. ಅತ್ತೆಗೆ ಗುಳಿಗೆ ಕೊಡುತ್ತಿದ್ದಳು, ಮಾವನ ಧೋತರ ಒಗೆಯುತ್ತಿದ್ದಳು, ಯಾವ ಕೆಲಸವನ್ನೂ ಬಿಡಲಿಲ್ಲ. ಮಾತು ಮಾತ್ರ ಬಿಟ್ಟಳು. ಏನಾದರೂ ಹೇಳಬೇಕಾದರೆ ಮಗಳನ್ನು ಕಳಿಸುತ್ತಿದ್ದಳು.

"ಅಜ್ಜಾ, ಊಟಕ್ಕ ಬರಬೇಕಂತ," ಎಂದು ಕೂಸು ಕಟ್ಟೆಗೆ ಬಂದು ಕರೆಯುತ್ತಿತ್ತು.

ಗುರುಜಿ ಎದ್ದು ಒಳಗೆ ಹೋಗಿ ತಾಟಿನ ಮುಂದೆ ಕೂರುತ್ತಿದ್ದರು. ಬಿಸಿ ರೊಟ್ಟಿ ಬಡಿಸಿದ ಮೀನಲ, ಇನ್ನೊಂದು ಬೇಕೇನು ಕೇಳು ಎಂದು ಮಗಳಿಗೆ ಹೇಳಿ ಒಲೆಯ ಕಡೆ ತಿರುಗುತ್ತಿದ್ದಳು.