ಬುಗುರಿಯ ಮನೆ ಯಾವುದು

ಬಾಗಿಲು ತಟ್ಟಿದ ಸದ್ದಾದಾಗ ಬುಗುರಿಯ ತಾಯಿ ಕ್ಲಿಪ್ಪನ್ನು ಹಲ್ಲಲ್ಲಿ ಕಚ್ಚಿಕೊಂಡು ಕೂದಲು ಕಟ್ಟಿಕೊಳ್ಳುತ್ತಿದ್ದಳು. ಗಂಡ ಮಂಚದ ತುದಿಯಲ್ಲಿ ಕೂತು ಶೂಗಳಿಗೆ ಪಾಲಿಶ್ ಹಚ್ಚುತ್ತಿದ್ದ. ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಮ್ಯಾನೇಜರನ್ನು ಕಾಣಲು ಇಬ್ಬರೂ ಇನ್ನೇನು ಹೊರಡುವವರಿದ್ದರು. ಬಾಗಿಲು ತೆರೆದರೆ ಹೆಗಲಿಗೆ ಬ್ಯಾಗು, ಕೈಯಲ್ಲಿ ಹೆಲ್ಮೆಟ್ಟು ಹಿಡಿದ ನಡುವಯಸ್ಸಿನ ಹೆಂಗಸೊಬ್ಬಳು ನಿಂತಿದ್ದಳು.

"ಫೋನಲ್ಲಿ ಮಾತಾಡಿದ್ವಲ್ಲ, ಮ್ಯಾನೇಜರ್ ಕೆಲಸಕ್ಕೆ, ನಾನೇ," ಎಂದಳು ಆಕೆ. "ಹೋಟೆಲ್ ಅಂದಿದ್ರಿ. ಇಲ್ಲಿಗೇ ಬಂದ್ಬಿಟ್ಟೆ."

ಒಳಗೆ ಕರೆಯದೆ ವಿಧಿಯಿರಲಿಲ್ಲ. ತಾಯಿ ಹೊಲಿಗೆ ಯಂತ್ರದ ಮುಂದಿದ್ದ ಸ್ಟೂಲಿನಿಂದ ತುಂಡು ಬಟ್ಟೆಗಳನ್ನು ಬಾಚಿ ತೆಗೆದು ಮುಂದಕ್ಕೆ ತಳ್ಳಿದಳು. ವಿಳಾಸವನ್ನು ಗಂಡ ಕೊಟ್ಟಿರಬೇಕೆಂದು ಅವಳೂ, ಹೆಂಡತಿ ಕೊಟ್ಟಿರಬೇಕೆಂದು ಅವನೂ ಅಂದುಕೊಂಡು ಒಬ್ಬರನ್ನೊಬ್ಬರು ಕಣ್ಣಲ್ಲೇ ಗದರಿಕೊಂಡರು. ಇಂಥ ಮನೆಗೆ ಕರೆದು ಕೂರಿಸಿದರೆ ಮಾತಿನ ತೂಕ ಇಳಿದುಹೋದೀತೆಂದೇ ಅವರು ಹೋಟೆಲನ್ನು ಗೊತ್ತುಮಾಡಿದ್ದು.

ಗಂಡ ಮೊದಲು ಸರ್ಕಸ್ಸಿನಲ್ಲಿದ್ದ. ಒಂಟಿ ಚಕ್ರದ ಸೈಕಲ್ಲೇ ಅವನ ಅನ್ನ. ಸರ್ಕಸ್ಸು ಮುಚ್ಚಿ, ಡೇರೆಯ ಬಟ್ಟೆ ಯಾರದೋ ಗೋದಾಮಿಗೆ ಹೊದಿಕೆಯಾದ ಮೇಲೆ ಗಾಜಿನಂಗಡಿಯಲ್ಲಿ ಸಾಮಾನು ಇಳಿಸುವ ಕೆಲಸಕ್ಕೆ ಸೇರಿಕೊಂಡ. ಸೈಕಲ್ಲು ಮಾತ್ರ ಮನೆಯ ಮೂಲೆಯಲ್ಲೇ ಉಳಿಯಿತು. ಮಗಳು ಎದ್ದು ನಿಲ್ಲಲು ಕಲಿತದ್ದು ಅದನ್ನು ಹಿಡಿದುಕೊಂಡು. ಒಂದು ಕಡೆ ಕೂರದೆ ಗಿರಗಿರನೆ ತಿರುಗುವ ಮಗುವಿಗೆ ಬುಗುರಿಯೆಂಬ ಅಡ್ಡಹೆಸರು ಅಂಟಿಕೊಂಡಿತು. ಒಂದು ಸಂಜೆ ಹಿತ್ತಲಲ್ಲಿ ಅಪ್ಪ ಚಕ್ರ ತುಳಿಯುತ್ತಿದ್ದಾಗ ಅವನ ಹೆಗಲ ಮೇಲೆ ಎದ್ದು, ಎರಡೂ ಕೈ ಬಿಟ್ಟು ನಿಂತುಬಿಟ್ಟಳು. ಕೂಗಿದರೆ ಎಲ್ಲಿ ಬಿದ್ದಾಳೋ ಎಂದು ತಾಯಿ ಕೂಗಲಿಲ್ಲ; ಕೈಯಲ್ಲಿದ್ದ ಫೋನನ್ನು ಮುಖಕ್ಕೆ ಅಡ್ಡ ಹಿಡಿದಳು. ಪರದೆಯೊಳಗೆ ಮಗು ಚಿಕ್ಕದಾಗಿ ಕಂಡರೆ ಭಯವೂ ಚಿಕ್ಕದಾಗುತ್ತದೆಂದು ಅವಳಿಗೆ ಗೊತ್ತಾದದ್ದು ಆವತ್ತು. ಆ ವಿಡಿಯೋ ಅವಳ ಅಕ್ಕನಿಗೆ ಹೋಯಿತು, ಅಕ್ಕನಿಂದ ಇನ್ಯಾರಿಗೋ, ಅಲ್ಲಿಂದ ಲೋಕಕ್ಕೆಲ್ಲ.

ಆಮೇಲೆ ಜನಕ್ಕೆ ಸೈಕಲ್ಲಿಗಿಂತ ಬುಗುರಿಯೇ ಬೇಕಾದಳು. ಅವಳ ಹಲ್ಲು ಬಿದ್ದದ್ದು, ಜ್ವರ ಬಂದದ್ದು, ಲೆಕ್ಕ ಬಾರದೆ ಅತ್ತದ್ದು, ಎಲ್ಲವನ್ನೂ ತಾಯಿ ವಿಡಿಯೋ ಮಾಡಿ ಹಾಕಿದಳು. ವಿಡಿಯೋಗಳಿಂದ ದುಡ್ಡು ಬರತೊಡಗಿದ್ದೇ ಗಾಜು ಹೊರುವ ಕೆಲಸವನ್ನು ಗಂಡ ಬಿಟ್ಟ. ನಮ್ಮ ಸಾಮಾನನ್ನು ಬುಗುರಿಯ ಕೈಲಿ ತೋರಿಸಿ, ದುಡ್ಡು ಕೊಡುತ್ತೇವೆ ಎಂದು ಕಂಪನಿಗಳವರು ಬರೆಯತೊಡಗಿದರು, ಆ ಮಾತಿಗೆ ಹೂಂ ಅನ್ನಬೇಕೋ ಊಹೂಂ ಅನ್ನಬೇಕೋ ಇವರಿಗೆ ತಿಳಿಯಲಿಲ್ಲ. ಆಟಗಾರರಿಗೂ ಕಲಾವಿದರಿಗೂ ವ್ಯವಹಾರ ನೋಡಿಕೊಳ್ಳುವ ಮ್ಯಾನೇಜರ್‌ಗಳಿರುತ್ತಾರೆ, ಒಬ್ಬರನ್ನು ಇಟ್ಟುಕೋ ಎಂದು ಅಕ್ಕ ಹೇಳಿದಳು. ಹೊಲ ಮೇಯದ ಬೇಲಿಯನ್ನೇ ನೋಡಿ ಹಾಕಿಸ್ಕೋ ಎಂದು ನಕ್ಕಳು ಕೂಡ.

ಮೊದಲು ನೋಡಿದವನು ಸುಗಂಧ ಪೂಸಿಕೊಂಡು ಬಂದಿದ್ದ. ಸೈಕಲ್ಲು ಇನ್ನೊಂದು ಆಳು ಎತ್ತರವಾಗಬೇಕು, ಮಗು ಒಮ್ಮೆ ಬಿದ್ದಂತಾಗಿ ಬೀಳದೆ ಉಳಿಯಬೇಕು, ನೋಡುವವರ ಜೀವ ಬಾಯಿಗೆ ಬಂದರೇನೇ ಬೆಲೆ ಎಂದು ಅವನು ವಿವರಿಸಿದ. ಗಂಡ ತಲೆದೂಗುತ್ತ ಕೇಳಿದ. ಸರ್ಕಸ್ಸಿನಲ್ಲೂ ಮಾಲೀಕ ಅದನ್ನೇ ಹೇಳುತ್ತಿದ್ದನಂತೆ. ಅವನು ಬೇಡವೇ ಬೇಡವೆಂದು ಹಟ ಹಿಡಿದು ಈ ಹೆಂಗಸಿಗೆ ಫೋನು ಮಾಡಿದವಳು ತಾಯಿಯೇ. ಓಟಗಾರ್ತಿಯೊಬ್ಬಳ, ಹಾಡುಗಾರನೊಬ್ಬನ ವ್ಯವಹಾರ ನೋಡಿಕೊಂಡವಳೆಂಬುದು ಬಿಟ್ಟರೆ ಆಕೆಯ ಬಗ್ಗೆ ಹೆಚ್ಚೇನೂ ಗೊತ್ತಿರಲಿಲ್ಲ.

ಈಗ ಗಂಡನೇ ಕೇಳಿದ, ವಿಳಾಸ ಯಾರು ಕೊಟ್ಟರು ಎಂದು.

"ನೀವೇ ಕೊಟ್ಟಿದ್ದು," ಎಂದಳು ಮ್ಯಾನೇಜರ್.

ಆಕೆ ತನ್ನ ಫೋನಿನಲ್ಲಿ ಅವರದೇ ವಿಡಿಯೋಗಳನ್ನು ಒಂದೊಂದಾಗಿ ತೆರೆದು ತೋರಿಸಿದಳು. ಬುಗುರಿ ಹಲ್ಲು ತೋರಿಸಿ ನಗುವಾಗ ಹಿಂದಿನ ಕಿಟಕಿಯಲ್ಲಿ ಮೀನಿನ ಚಿತ್ರ ಬರೆದ ನೀರಿನ ಟ್ಯಾಂಕು. ಜ್ವರದ ದಿನ, ಕನ್ನಡಿಯೊಳಗೆ ತಿರುವುಮುರುವಾಗಿ ಎದುರಿನ ಲಾಂಡ್ರಿಯ ಬೋರ್ಡು. ಯೂನಿಫಾರ್ಮಿನ ಜೇಬಿನ ಮೇಲೆ ಶಾಲೆಯ ಗುರುತು. ಇನ್ನೊಂದರಲ್ಲಿ ಮಗುವೇ ಬಾಯಿಬಿಟ್ಟು ಹೇಳಿತ್ತು, ಅಪ್ಪಾ ಬೇಗ, ಕಾರ್ಖಾನೆ ಸೈರನ್ ಆಯ್ತು, ಸ್ಕೂಲ್ ಗೇಟ್ ಹಾಕ್ಬಿಡ್ತಾರೆ. ಇಷ್ಟನ್ನು ಕೂಡಿಸಿಕೊಳ್ಳಲು ಒಂದು ಊಟ ಮುಗಿಸುವಷ್ಟು ಹೊತ್ತೂ ಬೇಕಾಗಲಿಲ್ಲವೆಂದು ಆಕೆ ಹೇಳಿದಳು.

"ಕೊನೆಗೆ ಲಾಂಡ್ರಿಯವರ ಹತ್ರ ಬುಗುರಿ ಮನೆ ಯಾವುದು ಅಂತ ಕೇಳಿದೆ. ಇಸ್ತ್ರಿ ಬಿಡದೆ, ತಲೆ ಎತ್ತದೆ ಕೈ ತೋರಿಸಿದ್ರು. ಮೊನ್ನೆನೂ ಒಬ್ರು ಕೇಳ್ಕೊಂಡು ಬಂದಿದ್ರು ಅಂದ್ರು."

ಗಂಡ ಮೊದಲು ನಕ್ಕ. ಹೆಸರು ಮಾಡಿದವರ ಮನೆ ಜನ ಹುಡುಕಿಕೊಂಡು ಬರದೆ ಇರುತ್ತಾರೆಯೇ ಎಂದ. ಯಾರೂ ಜೊತೆಗೆ ನಗದಿದ್ದಾಗ ಅವನ ಮುಖ ಬಿಗಿಯಿತು. ಹೆದರಿಸಿ ಕೆಲಸ ಗಿಟ್ಟಿಸಿಕೊಳ್ಳುವುದು ಯಾವ ಸೀಮೆಯ ನ್ಯಾಯ ಎಂದು ಕೇಳಿದ. ಹೆದರಿಸಲಿಕ್ಕೇ ಬಂದದ್ದು, ಹೋಟೆಲಿನಲ್ಲಿ ಕೂತು ಹೇಳಿದ್ದರೆ ನೀವು ನಂಬುತ್ತಿರಲಿಲ್ಲ ಎಂದು ಆಕೆ ತಣ್ಣಗೆ ಒಪ್ಪಿಕೊಂಡಳು.

ತಾಯಿಗೆ ಅವರ ಮಾತು ಅರ್ಧ ಕೇಳಿತು, ಅರ್ಧ ಕೇಳಲಿಲ್ಲ. ಅವತ್ತು ಶನಿವಾರ, ಶಾಲೆ ಬೇಗ ಬಿಡುತ್ತದೆ. ಈ ವರ್ಷದಿಂದ ಬುಗುರಿ ಒಬ್ಬಳೇ ನಡೆದು ಬರುತ್ತಿದ್ದಳು. ಎರಡು ತಿರುವು, ಅಷ್ಟೇ. ಮೊದಲ ದಿನ ತಾಯಿ ಹೆಮ್ಮೆಯಿಂದ ಶಾಲೆಯ ಗೇಟಿನಿಂದ ಮನೆ ಬಾಗಿಲವರೆಗೆ ಅವಳ ಹಿಂದೆಯೇ ಫೋನು ಹಿಡಿದು ನಡೆದಿದ್ದಳು. ‘ನಮ್ಮ ಬುಗುರಿ ಒಬ್ಬಳೇ ಮನೆಗೆ’ ಎಂದು ಹೆಸರಿಟ್ಟು ಹಾಕಿದ್ದ ಆ ವಿಡಿಯೋವನ್ನೇ ಜನ ಎಲ್ಲಕ್ಕಿಂತ ಹೆಚ್ಚು ನೋಡಿದ್ದರು.

ಅವಳು ಎದ್ದದ್ದು, ಬಾಗಿಲು ದಾಟಿದ್ದು ಅವಳಿಗೇ ತಿಳಿಯಲಿಲ್ಲ. ಕಾಲಿಗೆ ಸಿಕ್ಕಿದ್ದು ಗಂಡನ ಚಪ್ಪಲಿ. ಅವು ಪಟಪಟನೆ ಬಡಿದುಕೊಳ್ಳುತ್ತಿದ್ದವು, ಓಡಲು ಬಿಡುತ್ತಿರಲಿಲ್ಲ. ದಿನವೂ ನಡೆದ ಬೀದಿ ಅದು. ಆದರೆ ಗೋಡೆಗೊರಗಿ ನಿಂತವನು ಯಾಕೆ ನಿಂತಿದ್ದಾನೆ, ಸ್ಕೂಟರ್ ಮೇಲೆ ಕೂತು ಫೋನು ನೋಡುತ್ತಿರುವವನು ಏನು ನೋಡುತ್ತಿದ್ದಾನೆ ಎಂದು ಇಷ್ಟು ದಿನ ಅವಳು ಯೋಚಿಸಿದವಳಲ್ಲ. ಎದುರು ಬಂದ ಹೆಂಗಸೊಬ್ಬಳು ಗುರುತಿನವಳಂತೆ ನಕ್ಕಳು. ಯಾರೆಂದು ತಾಯಿಗೆ ನೆನಪಾಗಲಿಲ್ಲ.

ಶಾಲೆಯ ಗೇಟು ಮುಚ್ಚಿತ್ತು. ಮಕ್ಕಳೆಲ್ಲ ಹೋಗಿಯಾಯಿತೆಂದು ಕಾವಲುಗಾರ ಹೇಳಿದ. ಬಂದ ದಾರಿಯಲ್ಲಿ ಅವಳು ಕಾಣಲಿಲ್ಲವಲ್ಲ ಎಂದುಕೊಂಡು ಇವಳು ಕಾಂಪೌಂಡು ಬಳಸಿ ಓಡಿದಳು.

ಬುಗುರಿ ಸಿಕ್ಕಿದ್ದು ಶಾಲೆಯ ಹಿಂಬದಿಯ ಕಲ್ಲುಬೆಂಚಿನ ಹತ್ತಿರ. ಬೆಂಚಿನ ಮೇಲೆ ಒಬ್ಬ ಮುದುಕ ಕೂತಿದ್ದ. ಇಸ್ತ್ರಿ ಮಾಡಿದ ಅಂಗಿ, ನೀಟಾಗಿ ಬಾಚಿದ ಬಿಳಿಗೂದಲು. ತೊಡೆಯ ಮೇಲೆ ಬಣ್ಣದ ಕಾಗದ ಸುತ್ತಿದ ಒಂದು ಪೊಟ್ಟಣ. ಬುಗುರಿ ಅವನೆದುರು ನಿಂತು ಬಾಯಿ ಅಗಲಿಸಿ, ಹೊಸ ಹಲ್ಲು ಮೊಳೆತ ಜಾಗವನ್ನು ತೋರಿಸುತ್ತಿದ್ದಳು.

ತಾಯಿ ಹೋಗಿ ಮಗುವಿನ ತೋಳು ಹಿಡಿದುಕೊಂಡಳು. ಮುದುಕ ಗಡಿಬಿಡಿಯಿಂದ ಎದ್ದು ನಿಂತ. ತನ್ನ ಹೆಂಡತಿ ಹಾಸಿಗೆ ಹಿಡಿದಿದ್ದಾಳೆ, ಬೆಳಗಾದರೆ ಬುಗುರಿಯನ್ನು ನೋಡದೆ ಔಷಧಿ ಕುಡಿಯುವುದಿಲ್ಲ, ಅವಳೇ ಈ ಉಡುಗೊರೆ ಕೊಟ್ಟು ಬಾ ಎಂದಳು ಎಂದು ತಡವರಿಸುತ್ತ ಹೇಳಿದ.

"ನೀವು ಅಮ್ಮ ಅಲ್ವಾ? ಮುಖ ತೋರಿಸಲ್ಲ ನೀವು. ಧ್ವನಿಯಿಂದ ಗೊತ್ತಾಗ್ತಿತ್ತು, ಮಾತಾಡಿದ್ರೆ," ಎಂದ. "ಜ್ವರ ಬಂದಾಗ ಮಗೂನ ಕಿಟಕಿ ಪಕ್ಕದ ಮಂಚದಲ್ಲೇ ಮಲಗಿಸಿದ್ರಲ್ಲ, ಗಾಳಿ ಬರುತ್ತೆ ಅಲ್ಲಿ. ನಾವಿಬ್ರೂ ಪೇಚಾಡ್ಕೊಂಡ್ವಿ."

ಅವನ ಕಣ್ಣುಗಳಲ್ಲಿ ಕೆಟ್ಟದ್ದೇನೂ ಕಾಣಲಿಲ್ಲ. ಕೆಟ್ಟದ್ದಿದ್ದರೆ ಅದು ಕಣ್ಣಲ್ಲಿ ಕಾಣುತ್ತದೆಯೇ ಎಂಬುದೇ ಅವಳಿಗೆ ತಿಳಿಯಲಿಲ್ಲ. ಒಳ್ಳೆಯವನೋ ಅಲ್ಲವೋ ಎಂದು ಅವಳು ಹುಡುಕಿದಷ್ಟೂ ಆ ಮುಖ ಬರೀ ಒಂದು ಮುಖವಾಗುತ್ತ ಹೋಯಿತು. ಒಂದು ಮಾತೂ ಆಡದೆ ಮಗುವನ್ನು ಎಳೆದುಕೊಂಡು ಹೊರಟಳು. ತಿರುವಿನಲ್ಲಿ ಹೊರಳಿ ನೋಡಿದಾಗ ಅವನು ಪೊಟ್ಟಣವನ್ನು ಎರಡೂ ಕೈಯಲ್ಲಿ ಹಿಡಿದು ನಿಂತೇ ಇದ್ದ.

ಲಾಂಡ್ರಿಯ ಮುಂದೆ ಅವಳು ನಿಂತಳು. ಮೊನ್ನೆ ಮನೆ ಕೇಳಿಕೊಂಡು ಬಂದವರು ಬಿಳಿಗೂದಲಿನ ವಯಸ್ಸಾದವರೇ ಎಂದು ವಿಚಾರಿಸಿದಳು. ಹೌದು ಎನ್ನಲಿ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದಳು.

"ಇಲ್ಲವಲ್ಲ," ಎಂದ ಲಾಂಡ್ರಿಯವನು. "ಹರೆಯದ ಹುಡುಗ. ಟೋಪಿ ಹಾಕಿದ್ದ. ಮನೆ ತೋರಿಸಿದ್ರೆ ಒಳಗೆ ಹೋಗಲಿಲ್ಲ, ಸುಮ್ನೆ ನೋಡ್ಕೊಂಡು ಹೋದ. ನಿಮ್ಮವನೇ ಅಂದ್ಕೊಂಡೆ."

ಮನೆಯಲ್ಲಿ ಗಂಡನೂ ಮ್ಯಾನೇಜರೂ ಎದುರುಬದುರು ಕೂತು, ಮಾತು ಮುಗಿದವರಂತೆ ನೆಲ ನೋಡುತ್ತಿದ್ದರು. ಹೆಂಡತಿಯ ಮುಖ ನೋಡಿದ ಕೂಡಲೆ ಗಂಡ ಎದ್ದುಬಂದು ಮಗಳನ್ನು ಎತ್ತಿಕೊಂಡ. ಎತ್ತಿಕೊಳ್ಳುವ ವಯಸ್ಸು ದಾಟಿದ್ದ ಅವಳ ಕಾಲುಗಳು ಅವನ ಮೊಣಕಾಲಿನವರೆಗೆ ಜೋತಾಡಿದವು. ಇಳಿಸು ಇಳಿಸು ಎಂದು ಕೊಸರಾಡಿ ಇಳಿದ ಬುಗುರಿ, ಒಳ್ಳೇ ತಾತ, ಗಿಫ್ಟು ತೆಗೆದುಕೊಳ್ಳಲೂ ಬಿಡಲಿಲ್ಲ ಎಂದು ಅಮ್ಮನ ಮೇಲೆ ದೂರು ಹೇಳಿ ಒಳಕೋಣೆಗೆ ಹೋದಳು.

ಮ್ಯಾನೇಜರ್ ತನ್ನ ಷರತ್ತನ್ನು ಹೇಳಿದಳು. ಮಗು ಕಾಣುವ ವಿಡಿಯೋಗಳನ್ನೆಲ್ಲ ಇಂದೇ ತೆಗೆಯಬೇಕು. ಆಗಲೇ ಯಾರ ಯಾರ ಫೋನಿನಲ್ಲಿ ಎಷ್ಟು ಉಳಿದುಕೊಂಡಿವೆಯೋ, ಅದನ್ನು ತಾನೂ ಏನೂ ಮಾಡಲಾರೆ. ಇನ್ನು ಮುಂದೆ ಅಪ್ಪ ಒಬ್ಬನೇ ಕಾಣಬೇಕು. ಒಪ್ಪದಿದ್ದರೆ ತನಗೆ ಈ ಕೆಲಸ ಬೇಡ.

ಗಂಡ ಮೂಲೆಯ ಸೈಕಲ್ಲಿನತ್ತ ನೋಡಿದ. "ಅವಳಿಲ್ಲದಿದ್ರೆ ನಾನು ಬರೀ ಚಕ್ರದ ಮೇಲೆ ಕೂತ ಮನುಷ್ಯ," ಎಂದ ಆಮೇಲೆ. "ಅದನ್ನ ಜನ ನೋಡೋದು ಬಿಟ್ಟಿದ್ದಕ್ಕೇ ಸರ್ಕಸ್ ಮುಚ್ಚಿದ್ದು."

ಅದು ನಿಜವೆಂದು ಆಕೆಯೂ ಒಪ್ಪಿದಳು. ಶಾಲೆಗಳಲ್ಲಿ ಕಲಿಸುವುದು, ಬೇರೆ ಆಟಗಾರರೊಂದಿಗೆ ಸೇರಿ ಪ್ರದರ್ಶನ ಕೊಡುವುದು, ಹೀಗೆ ತನಗೆ ಹೊಳೆದದ್ದನ್ನು ಹೇಳಿದಳು. ಆದರೆ ಭರವಸೆ ಕೊಡಲಿಲ್ಲ. ಸೋತರೂ ಸೋಲಬಹುದು ಎಂದಳು. ಮತ್ತೆ ಗಾಜು ಹೊರಬೇಕಾದೀತೆಂದು ಗಂಡ ಯಾರಿಗೋ ಎಂಬಂತೆ ಹೇಳಿಕೊಂಡ. ಅವನ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ವಾಸಿಯಿತ್ತೆಂದು ತಾಯಿಗೆ ಅನ್ನಿಸಿತು.

"ನೀವು ಇವತ್ತಿಂದಲೇ ನಮ್ಮ ಮ್ಯಾನೇಜರ್," ಎಂದಳು ಅವಳು.

ಗಂಡ ತಲೆಯೆತ್ತಿ ನೋಡಿದ. ಬೇಡವೆನ್ನಲಿಲ್ಲ.

ಅಳಿಸುವ ಕೆಲಸವನ್ನು ತಾಯಿ ತನ್ನ ಕೈಯಾರೆ ಮಾಡಿದಳು. ಮ್ಯಾನೇಜರ್ ಪಕ್ಕದಲ್ಲಿ ಕೂತು ಹೇಗೆಂದು ತೋರಿಸಿದಳು. ಪ್ರತಿಯೊಂದಕ್ಕೂ ಫೋನು, ಖಂಡಿತವೇ ಎಂದು ಕೇಳುತ್ತಿತ್ತು. ಎರಡೆರಡು ಸಲ ತಪ್ಪು ಜಾಗಕ್ಕೆ ಒತ್ತಿದಳು. ಯಾವಾಗಲೋ ಬಾಗಿಲಿಗೆ ಬಂದು ನಿಂತಿದ್ದ ಬುಗುರಿ ಇದನ್ನೆಲ್ಲ ನೋಡಿದಳು.

"ನಾನೇನು ತಪ್ಪು ಮಾಡಿದೆ ಅಮ್ಮ? ಒಂದ್ಸಲನೂ ಬಿದ್ದಿಲ್ವಲ್ಲ ನಾನು," ಎಂದಳು.

ನೀನೇನೂ ಮಾಡಿಲ್ಲ ಎಂದಳು ತಾಯಿ. ಮತ್ತೆ ಯಾರು ಮಾಡಿದ್ದು ಎಂದು ಮಗು ಕೇಳಿತು. ಅಪ್ಪ ಎದ್ದು ಹಿತ್ತಲಿಗೆ ಹೋದ. ಮ್ಯಾನೇಜರ್ ಬ್ಯಾಗಿನ ಜಿಪ್ಪು ಎಳೆಯುತ್ತ, ಸೋಮವಾರ ಬರುತ್ತೇನೆಂದು ಮೆಲ್ಲಗೆ ಹೇಳಿ ಹೆಲ್ಮೆಟ್ಟು ತೆಗೆದುಕೊಂಡಳು. ತಾಯಿ ಅವಳನ್ನು ಬೀಳ್ಕೊಟ್ಟು, ಬಾಗಿಲಿನ ಮೇಲಿನ ಚಿಲಕವನ್ನೂ ಕೆಳಗಿನ ಚಿಲಕವನ್ನೂ ಹಾಕಿದಳು. ಕೆಳಗಿನದು ಎಂದೂ ಹಾಕದೆ ಬಿಗಿದುಹೋಗಿತ್ತು. ಎಣ್ಣೆ ಬಿಟ್ಟು ಅಲ್ಲಾಡಿಸಬೇಕಾಯಿತು.

ಸಂಜೆ ಮಗಳ ಕೋಣೆಯಿಂದ ಸದ್ದೇ ಬರದಿದ್ದಾಗ ಅವಳು ಕೈಲಿದ್ದ ಕೆಲಸ ಬಿಟ್ಟು ಎದ್ದಳು. ಹೋಗಿ ಬಾಗಿಲ ಸಂದಿಯಿಂದ ನೋಡಿದಳು. ಬುಗುರಿ ಕುರ್ಚಿಯ ಮೇಲೆ ಒಂಟಿ ಕಾಲಲ್ಲಿ ನಿಂತಿದ್ದಳು, ಕೈಗಳನ್ನು ಎರಡೂ ಕಡೆ ಚಾಚಿಕೊಂಡು, ಬರಿಗೋಡೆಗೆ ಮುಖ ಮಾಡಿ. ಕತ್ತು ಒಂಚೂರು ಓರೆ. ಹೊಸ ಹಲ್ಲು ಕಾಣುವಷ್ಟು ಅಗಲವಾಗಿ ನಗುತ್ತ, ಎದುರಿಗೆ ಫೋನು ಹಿಡಿದಿದ್ದಾರೆಂಬಂತೆ ಆ ನಗೆಯನ್ನು ಹಾಗೇ ತಡೆದು ಹಿಡಿದುಕೊಂಡಿದ್ದಳು.

ತಾಯಿ ಹೆಜ್ಜೆ ಸಪ್ಪಳವಾಗದಂತೆ ಹಿಂದಕ್ಕೆ ಸರಿದಳು.