ಸುಗಿಕಾಜೆಯ ಕೊನೆಯ ಪುಟ

ಸುಗಿಕಾಜೆ ಎಂಬ ಜಪಾನಿ ಯುದ್ಧನೌಕೆಯ ಚರಿತ್ರೆ ಅದರಲ್ಲಿ ನಾವಿಕನಾಗಿದ್ದ ತಮೆಕಿಚಿಗೆ ಬಾಯಿಪಾಠ. ಮೈಜುರುವಿನಲ್ಲಿ ನೀರಿಗಿಳಿದದ್ದು, ದಕ್ಷಿಣದ ದ್ವೀಪಗಳಲ್ಲಿ ಹಸಿದ ಸೈನಿಕರಿಗೆ ಅಕ್ಕಿಯ ಪೀಪಾಯಿ ಎಳೆದೊಯ್ದದ್ದು, ಸರಕಿನ ಹಡಗುಗಳಿಗೆ ಕಾವಲಾಗಿ ಅಲೆದದ್ದು, ಎಲ್ಲ. ಕೊನೆಯದೊಂದನ್ನು ಮಾತ್ರ ನೌಕಾಪಡೆಯ ಕಾಗದದಲ್ಲಿ ಓದಿದ್ದ: ಶೋವಾ ಹದಿನೆಂಟರ, ಅಂದರೆ 1943ರ, ನವೆಂಬರ್, ಮುಳುಗಡೆ, ಯಾರೂ ಉಳಿಯಲಿಲ್ಲ. ಹಡಗು ಹೊರಟಾಗ ಅವನು ಮಲೇರಿಯಾ ಹಿಡಿದು ರಬೌಲ್ ಬಂದರಿನ ಆಸ್ಪತ್ರೆಯಲ್ಲಿ ಮಲಗಿದ್ದ. ಗಟ್ಟಿ ಪಿಂಡ, ಎಂದರು ಅವನ ಊರಾದ ಕುರೆಯ ಜನ, ಮುಳುಗಿದ ಹಡಗಿನಿಂದಲೇ ಪಾರಾಗಿ ಬಂದನೆಂದುಕೊಂಡು. ಬದುಕಿದ್ದಕ್ಕೆ ಅವನಷ್ಟು ನಾಚಿದವರು ಆ ಊರಿನಲ್ಲೇ ಇರಲಿಲ್ಲ.

ಯುದ್ಧ ಮುಗಿದ ಮೇಲೆ ಮಿತ್ಸುಯೊ ಅವನನ್ನು ಹುಡುಕಿಕೊಂಡು ಬಂದಳು. ಅವಳ ಗಂಡ ಇವಾವೊ ಅದೇ ಹಡಗಿನ ಬಾಯ್ಲರ್ ಕೆಲಸದವನು. ಕೊನೆಗೆ ಹಸಿದಿದ್ದರೇ, ಎಂದಷ್ಟೇ ಕೇಳಿದಳು. ನಾನಲ್ಲಿರಲಿಲ್ಲ ಎನ್ನಲು ಅವನಿಗೆ ನಾಲಿಗೆ ಏಳಲಿಲ್ಲ. ರಾತ್ರಿ ಕದನಕ್ಕೆ ಮೊದಲು ನಾವಿಕರಿಗೆ ಶಿರುಕೊ, ಅಂದರೆ ಕೆಂಪು ಕಾಳಿನ ಸಿಹಿ ಪಾಯಸ, ಕೊಡುವುದು ರೂಢಿ. ಇವಾವೊ ಎರಡು ಬಟ್ಟಲು ಕುಡಿದು ನಗುತ್ತ ಕೆಳಗಿಳಿದ ಎಂದುಬಿಟ್ಟ. ಒಂದು ಸುಳ್ಳಿಗೆ ನೂರು ಸುಳ್ಳು. ಪ್ರತಿ ನವೆಂಬರಿನಲ್ಲೂ ಅವಳ ಮನೆಗೆ ಹೋಗಿ, ಇವಾವೊನ ಫೋಟೋದೆದುರು ಧೂಪ ಹಚ್ಚಿ, ಹೊಸದೊಂದನ್ನು ಸೇರಿಸಿದ. ಅವನಿಗಾಗಿ ಕಾಯುವ ಮನೆ ಲೋಕದಲ್ಲಿ ಅದೊಂದೇ. ಆ ಬಾಗಿಲೂ ಮುಚ್ಚೀತೆಂಬ ಹೆದರಿಕೆಗೆ ಹದಿನೈದು ವರ್ಷ ನಿಜ ಹೇಳಿರಲಿಲ್ಲ.

ಈ ವರ್ಷ ಸತ್ತವರ ಮನೆಯವರೆಲ್ಲ ಸೇರಿ ಹಡಗಿನ ಚರಿತ್ರೆ ಅಚ್ಚು ಹಾಕಿಸಲು ಹೊರಟರು. ಕೊನೆಯ ರಾತ್ರಿಯ ಪುಟ ನೀವೇ ಬರೆಯಿರಿ ಎಂದು ಅವನಿಗೆ ಗಂಟುಬಿದ್ದರು. ಸುಳ್ಳನ್ನು ಅಚ್ಚಿಗೆ ಕೊಡಲು ಅವನಿಂದಾಗಲಿಲ್ಲ. ಮಿತ್ಸುಯೊಳ ಎದುರು ಮಂಡಿಯೂರಿ ಕುಳಿತು ಹೇಳಿದ:

"ಮಿತ್ಸುಯೊ-ಸಾನ್, ಆ ರಾತ್ರಿ ನಾನು ಹಡಗಲ್ಲಿ ಇರ್ಲೇ ಇಲ್ಲ."

"ಗೊತ್ತು," ಎಂದಳು ಅವಳು, ಚಹಾ ಬಗ್ಗಿಸುತ್ತ. "ಮೊದಲ್ನೇ ದಿನಾನೇ ಗೊತ್ತಾಯ್ತು. ನಮ್ಮನೆಯವರು ಸಿಹಿ ಬಾಯಿಗೇ ಇಡ್ತಿರ್ಲಿಲ್ಲ."

"ಮತ್ಯಾಕೆ ಸುಮ್ನಿದ್ರಿ?"

"ಅವರ ಹೆಸರು ಎತ್ತೋಕೆ ಈ ಮನೆಗೆ ಇನ್ಯಾರು ಬರ್ತಾರೆ? ಹೋಗ್ಲಿ ಬಿಡಿ. ಎರಡು ವರ್ಷ ಒಂದೇ ಹಡಗಲ್ಲಿದ್ರಲ್ಲ, ನಿಜವಾಗಿ ಕಂಡಿದ್ದು ಒಂದು ಹೇಳಿ."

ತಮೆಕಿಚಿ ನೆನಪನ್ನೆಲ್ಲ ಜಾಲಾಡಿದ. ಅವನು ಮೇಲೆ ನಿಂತು ಸಂಕೇತದ ಬಾವುಟ ಬೀಸುವವನು, ಇವಾವೊ ತಳದಲ್ಲಿ ಬೆಂಕಿ ನೋಡುವವನು. ಕಿರುದಾರಿಯಲ್ಲಿ ಎಣ್ಣೆ ಮೆತ್ತಿದ ಮುಖವೊಂದು ಎದುರಾಗಿ ತಲೆಬಾಗಿಸಿತ್ತು. ಅದು ಇವಾವೊನದೇ ಎಂದು ಆಣೆಯಿಟ್ಟು ಹೇಳುವಂತಿರಲಿಲ್ಲ. ಹದಿನೈದು ವರ್ಷ ತಾನೇ ಕಟ್ಟಿಕೊಂಡ ಇವಾವೊನ ಹೊರತು ಅವನಿಗೆ ಬೇರೆ ಗೆಳೆಯನೂ ಇರಲಿಲ್ಲ. ಅಳು ಒತ್ತರಿಸಿ ಬಂತು.

"ಆ ಫೋಟೋ ಬಿಟ್ರೆ ಅವರು ನಂಗೆ ಗೊತ್ತೇ ಇಲ್ಲ," ಎಂದ.

ಮಿತ್ಸುಯೊ ಚಹಾದ ಬಟ್ಟಲನ್ನು ಅವನತ್ತ ಸರಿಸಿದಳು.

"ಕಾಲು ಸಡಿಲ ಮಾಡ್ಕೊಂಡು ಕೂತ್ಕೊಳ್ಳಿ. ಅವರು ಹೇಗಿದ್ರು ಅಂತ ಇವತ್ತು ನಾನು ಹೇಳ್ತೀನಿ."